ಇಬ್ಬರೇ ಅಟ್ಲಾಂಟಿಕ್ ದಾಟುವುದಾದರೆ ದುಡ್ಡು ಮೊದಲು ಯಾವುದಕ್ಕೆ?

ಪ್ರಶ್ನೆ: ನಾವು ಗಂಡ ಹೆಂಡತಿ, ಮೂಲ ಶಿವಮೊಗ್ಗ, ಇಂಗ್ಲೆಂಡಿನಲ್ಲಿ ನೆಲೆಸಿ ಇಪ್ಪತ್ತು ವರ್ಷದ ಮೇಲಾಯಿತು. 1989ರಲ್ಲಿ ಕಟ್ಟಿದ 36 ಅಡಿಯ ಹಾಯಿದೋಣಿ ನಮ್ಮದು. ಬಿಸ್ಕೇ ಕೊಲ್ಲಿ ದಾಟಿ ಬಂದು ಈಗ ಪೋರ್ಚುಗಲ್‌ನ ಲಾಗೋಸ್ ಮರೀನಾದಲ್ಲಿ ಕಟ್ಟಿದ್ದೇವೆ. ಅಕ್ಟೋಬರ್‌ನಲ್ಲಿ ಕೆನರಿ ದ್ವೀಪಗಳಿಗೆ ಹೋಗಿ, ಡಿಸೆಂಬರ್‌ನಲ್ಲಿ ಅಲ್ಲಿಂದ ಬಾರ್ಬಡೋಸ್‌ಗೆ ಹೊರಡುವ ಯೋಚನೆ. ರಿಗಿಂಗ್ (ಕೂವೆಮರ, ಅಂದರೆ ಹಾಯಿಯ ಕಂಬವನ್ನು ಹಿಡಿದು ನಿಲ್ಲಿಸುವ ತಂತಿಗಳು) 14 ವರ್ಷ ಹಳೆಯದು, ಆದರೆ ತುಕ್ಕಿಲ್ಲ. ನೀರಿನ ಟ್ಯಾಂಕ್ ಒಂದೇ, 280 ಲೀಟರ್. ಡೀಸೆಲ್ 140 ಲೀಟರ್. 200 ಆ್ಯಂಪ್-ಅವರ್ ಲೆಡ್-ಆ್ಯಸಿಡ್ ಬ್ಯಾಟರಿ, 200 ವ್ಯಾಟ್ ಸೋಲಾರ್, ಒಂದು ಎಲೆಕ್ಟ್ರಿಕ್ ಆಟೋಪೈಲಟ್. ಕೈಯಲ್ಲಿರುವುದು 15,000 ಪೌಂಡ್. ವಾಟರ್‌ಮೇಕರ್ (ಸಮುದ್ರದ ನೀರನ್ನು ಸಿಹಿನೀರಾಗಿಸುವ ಯಂತ್ರ) ಮತ್ತು ಸ್ಟಾರ್‌ಲಿಂಕ್ (ಉಪಗ್ರಹ ಇಂಟರ್‌ನೆಟ್) ಹಾಕಿಸೋಣ ಎನ್ನುತ್ತಾರೆ ನಮ್ಮವರು. ನನಗೆ ಬಿರುಗಾಳಿಯದೇ ಭಯ. 36 ಅಡಿ ಸಾಲದೇನೋ ಅನಿಸುತ್ತದೆ. ಇಬ್ಬರೇ ಹೋಗಬೇಡಿ ಎಂದು ವಿಮೆಯವರು ಹೇಳುತ್ತಿದ್ದಾರೆ. ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳು ತಾರಿಣಿ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದರಲ್ಲ, ನಮಗೆ ಇಷ್ಟು ಆಗದೇ? ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಬಿರುಗಾಳಿಯಲ್ಲ, "14 ವರ್ಷ ಹಳೆಯದು, ಆದರೆ ತುಕ್ಕಿಲ್ಲ" ಎಂಬ ಮಾತು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಭಯದ ವಿಷಯ ಮುಗಿಸೋಣ.

ಅಟ್ಲಾಂಟಿಕ್‌ನ ಹರಿಕೇನ್ ಋತು ಜೂನ್ 1ರಿಂದ ನವೆಂಬರ್ 30. ಡಿಸೆಂಬರ್ ನಂತರ ಕೆನರಿಯಿಂದ ಕೆರಿಬಿಯನ್‌ವರೆಗೆ ಬೀಸುವುದು ಈಶಾನ್ಯ ವಾಣಿಜ್ಯ ಮಾರುತ. ಸಾಮಾನ್ಯವಾಗಿ 15ರಿಂದ 25 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ), ಅದೂ ಬೆನ್ನ ಹಿಂದಿನಿಂದ. ಅಲೆ ಎರಡೂವರೆಯಿಂದ ನಾಲ್ಕು ಮೀಟರ್ ಇರುತ್ತದೆ; ನೋಡಲು ದೊಡ್ಡದು, ಆದರೆ ಉದ್ದನೆಯ ಅಲೆ, ದೋಣಿಯನ್ನು ಎತ್ತಿ ಕೆಳಗಿಳಿಸಿ ಮುಂದೆ ಹೋಗುತ್ತದೆ. ಕಾಟ ಕೊಡುವುದು ರಾತ್ರಿಯ ಮಳೆಮೋಡ. ಅದು ಬಂದಾಗ 18 ನಾಟ್ ಇದ್ದ ಗಾಳಿ ಕೆಲವೇ ನಿಮಿಷಗಳಲ್ಲಿ 35ಕ್ಕೆ ಏರಿ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಅದಕ್ಕೆ ಮದ್ದು ಸುಲಭ: ಕತ್ತಲಾಗುವ ಮುಂಚೆಯೇ ಹಾಯಿ ಕಡಿಮೆ ಮಾಡುವುದು. ದಿನಕ್ಕೆ ಹತ್ತು ಮೈಲಿ ಕಡಿಮೆಯಾದೀತು, ಆಗಲಿ. 36 ಅಡಿಯ ಗಟ್ಟಿ ದೋಣಿಗೆ ಈ ದಾರಿ ಅತಿಯಲ್ಲ.

ತಾರಿಣಿಯ ಹೋಲಿಕೆ ಮಾತ್ರ ಬೇಡ. ಅದು 56 ಅಡಿಯ ದೋಣಿ. 2024ರ ಅಕ್ಟೋಬರ್‌ನಿಂದ 2025ರ ಮೇವರೆಗೆ ಅದನ್ನು ನಡೆಸಿದ ದಿಲ್ನಾ ಮತ್ತು ರೂಪಾ ವರ್ಷಗಟ್ಟಲೆ ಅದೇ ದೋಣಿಯಲ್ಲಿ ತರಬೇತಿ ಪಡೆದವರು. ಪ್ರತಿ ಬಂದರಿನಲ್ಲೂ ದುರಸ್ತಿಗೆ ಅವರ ಬೆನ್ನಿಗೆ ನೌಕಾಪಡೆ ಇತ್ತು. ಇಬ್ಬರಿಂದ ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ನಿಮ್ಮ ತಯಾರಿಗೆ ಅದು ಅಳತೆಯಲ್ಲ.

ಹಾಗಾದರೆ ಈ ದಾರಿಯಲ್ಲಿ ದೋಣಿಗಳು ನಿಜಕ್ಕೂ ಎಡವುವುದೆಲ್ಲಿ? ತಪಾಸಣೆಯ ಕೆಲಸದಲ್ಲಿ ನಮ್ಮ ಮುಂದೆ ಬರುವ ದೂರುಗಳು ಬಹುಮಟ್ಟಿಗೆ ಒಂದೇ ಥರದವು: ಉಜ್ಜಿ ಉಜ್ಜಿ ತುಂಡಾದ ಹಗ್ಗ, ಕೈಕೊಟ್ಟ ಆಟೋಪೈಲಟ್, ಸತ್ತ ಬ್ಯಾಟರಿ, ಕೊಳೆ ತುಂಬಿದ ಡೀಸೆಲ್, ಬೂಮ್ (ಹಾಯಿಯ ಕೆಳಅಂಚಿನ ಅಡ್ಡಕಂಬ) ಬಡಿದು ಅಥವಾ ಬಿಸಿ ಪಾತ್ರೆ ಉರುಳಿ ಆದ ಗಾಯ. ಇವುಗಳಲ್ಲಿ ಯಾವುದೂ ಒಂದೇ ಏಟಿಗೆ ದೋಣಿ ಮುಳುಗಿಸುವುದಿಲ್ಲ. ಆದರೆ ನಿದ್ದೆಗೆಟ್ಟ ಇಬ್ಬರ ಮೇಲೆ ಒಂದರ ಹಿಂದೆ ಒಂದು ಬಂದು ಬೀಳುತ್ತವೆ. ಹಾಗಾಗಿ ಹಣ ಹಂಚುವಾಗ ಈ ಕ್ರಮ ಇಟ್ಟುಕೊಳ್ಳಿ: ನೀರು ಒಳಗೆ ಬರದಂತೆ ತಡೆಯುವುದು, ಕೂವೆಮರ ನಿಲ್ಲಿಸುವುದು, ದೋಣಿಯ ದಿಕ್ಕು ಹಿಡಿಯುವುದು, ಮಲಗಲು ಬಿಡುವುದು. ಸೌಕರ್ಯ ಇವೆಲ್ಲದರ ನಂತರ.

ಈಗ ರಿಗಿಂಗ್. ಸ್ಟೇನ್‌ಲೆಸ್ ತಂತಿ ತುಕ್ಕು ತೋರಿಸಿ ಹಾಳಾಗುವುದು ಕಡಿಮೆ. ಅದನ್ನು ಕಾಯುವುದು ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುಪದರ. ಆ ಪದರ ಗೀರುಬಿದ್ದರೆ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ತಂತಿಯ ಕೆಳತುದಿಯಲ್ಲಿ ಯಂತ್ರದಿಂದ ಒತ್ತಿ ಕೂರಿಸಿದ ಸ್ವೇಜ್ ಕೊಳವೆಯೊಳಗೆ ಉಪ್ಪುನೀರು ಇಳಿದು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಅಲ್ಲಿ ಲೋಹ ಒಳಗೊಳಗೇ ತಿನ್ನಲ್ಪಡುತ್ತದೆ, ಹೊರಗೆ ಹೊಳೆಯುತ್ತಲೇ ಇರುತ್ತದೆ. ಅದರ ಮೇಲೆ ಬೆನ್ನಗಾಳಿಯ ಓಟದಲ್ಲಿ ದೋಣಿ ಹಗಲೂ ರಾತ್ರಿ ಅತ್ತಿತ್ತ ಹೊರಳುತ್ತದೆ. ಪ್ರತಿ ಹೊರಳಿಗೂ ಒಂದು ಬದಿಯ ಶ್ರೌಡ್ (ಕೂವೆಮರವನ್ನು ಪಕ್ಕದಿಂದ ಹಿಡಿಯುವ ತಂತಿ) ಸಡಿಲವಾಗಿ ಮತ್ತೆ ಬಿಗಿಯುತ್ತದೆ. ಮೂರು ವಾರದಲ್ಲಿ ಇದು ಲಕ್ಷಾಂತರ ಸಲ. ಭಾನುವಾರದ ಓಡಾಟಕ್ಕೆ ಇನ್ನೂ ಐದು ವರ್ಷ ಬರುತ್ತಿದ್ದ ತಂತಿ ಸಾಗರದ ನಡುವೆ ಹತ್ತನೇ ದಿನ ಒಂದು ಎಳೆ ಬಿಡುವುದು ಹೀಗೆ.

ಭೂತಗನ್ನಡಿ ಹಿಡಿದು ಸ್ವೇಜ್‌ನ ಉದ್ದಕ್ಕೂ ನೋಡಿ. ಕಂದು ಕಲೆ ಒರೆಸಿದರೆ ಹೋಯಿತೆಂದರೆ ಚಿಂತೆಯಿಲ್ಲ. ಕೂದಲೆಳೆಯಂಥ ಉದ್ದ ಬಿರುಕು, ಬಾಗಿದ ಕೊಳವೆ, ಕೊಳವೆಯ ಬಾಯಲ್ಲಿ ಒಂದೇ ಒಂದು ಮುರಿದ ಎಳೆ, ಇವುಗಳಲ್ಲಿ ಯಾವುದು ಕಂಡರೂ ಆ ತಂತಿ ಮುಗಿಯಿತು. ಆದರೆ ನಿಮ್ಮ ವಿಷಯದಲ್ಲಿ ಏನೂ ಕಾಣದಿದ್ದರೂ ಬದಲಿಸಿ ಎಂದೇ ಹೇಳುತ್ತೇನೆ. ಸಾಗರಯಾನಕ್ಕೆ ಹತ್ತು-ಹನ್ನೆರಡು ವರ್ಷ ಮೀರಿದ ತಂತಿಯನ್ನು ವಿಮೆಯವರು ಹೇಗೂ ಪ್ರಶ್ನಿಸುತ್ತಾರೆ. ಬದಲಿಸುವಾಗ ತಂತಿಯ ತುದಿ ಜೋಡಿಸಿ ಬಿಗಿಸುವ ಟಾಗಲ್, ಕ್ಲೆವಿಸ್ ಪಿನ್, ಬಾಟಲ್‌ಸ್ಕ್ರೂಗಳೂ ಹೊಸದಾಗಲಿ. ಹಳೆಯವನ್ನೇ ಉಳಿಸಿ ಹಣ ಮಿಗಿಸಿದರೆ ಹಳೆಯ ದಣಿವೂ ಹಾಗೇ ಉಳಿಯುತ್ತದೆ. ಇದರ ಜೊತೆಗೆ ತಂತಿಯನ್ನು ದೋಣಿಯ ಒಡಲಿಗೆ ಕಟ್ಟುವ ಲೋಹಪಟ್ಟಿ, ಚೈನ್‌ಪ್ಲೇಟ್. ಡೆಕ್ಕಿನ ಮೂಲಕ ಹಾಯುವ ಆ ಪಟ್ಟಿಯ ಕೇಡು ಡೆಕ್ಕಿನ ದಪ್ಪದೊಳಗೆ, ಸೀಲಂಟ್ ಬಿಟ್ಟ ಜಾಗದಲ್ಲಿ ಅಡಗಿರುತ್ತದೆ. ಒಂದನ್ನಾದರೂ ಪೂರ್ತಿ ಹೊರತೆಗೆಸಿ ನೋಡಿ. ಅದರಲ್ಲಿ ಗುಳಿ ಬಿದ್ದಿದ್ದರೆ ಎಲ್ಲವನ್ನೂ ತೆಗೆಸಬೇಕು.

ತೆಗೆದ ಹಳೆಯ ತಂತಿಗಳಲ್ಲಿ ಅತಿ ಉದ್ದದ್ದನ್ನು ಎಸೆಯಬೇಡಿ. ಸುರುಳಿ ಸುತ್ತಿ ಇಟ್ಟುಕೊಳ್ಳಿ, ಜೊತೆಗೆ ಕೈಯಿಂದಲೇ ಕೂರಿಸಬಹುದಾದ ಎರಡು ಮೆಕ್ಯಾನಿಕಲ್ ಟರ್ಮಿನಲ್. ಡೈನೀಮಾ ಎಂಬ ಅತಿಗಟ್ಟಿ ಹಗ್ಗವೂ ತಂತಿಯ ಬದಲಿಗೆ ತಾತ್ಕಾಲಿಕವಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. ಜೋಡಣೆ ಕಳಚದಂತೆ ತಡೆಯುವ ಕಾಟರ್ ಪಿನ್‌ಗಳ ಕಾಲನ್ನು ಪೂರ್ತಿ ಹಿಂದಕ್ಕೆ ಮಡಚಬೇಡಿ, ಸುಮಾರು 20 ಡಿಗ್ರಿ ಅಗಲಿಸಿದರೆ ಸಾಕು. ಕೂವೆಮರ ಮುರಿದು ಪಕ್ಕಕ್ಕೆ ಬಿದ್ದು ದೋಣಿಯ ಒಡಲಿಗೆ ಗುದ್ದುತ್ತಿರುವಾಗ ಅದನ್ನು ಬಿಡಿಸಿ ಬಿಡಬೇಕಾದ್ದು ಇದೇ ಪಿನ್‌ಗಳನ್ನು ಕಿತ್ತು.

ನೀರು ಒಳಬರದಂತೆ ತಡೆಯುವ ಭಾಗ ಅಗ್ಗದ್ದು, ಆದರೆ ದೋಣಿಯನ್ನು ನೀರಿನಿಂದ ಮೇಲೆತ್ತಬೇಕು. ತಳದ ಸೀಕಾಕ್‌ಗಳು (ನೀರಿನ ಕೊಳವೆ ಮುಚ್ಚುವ ಕವಾಟಗಳು) ಕಂಚಿನವೋ ಹಿತ್ತಾಳೆಯವೋ ಗೊತ್ತುಮಾಡಿಕೊಳ್ಳಿ. ಸಾಧಾರಣ ಹಿತ್ತಾಳೆಯಿಂದ ಸತು ಕರಗಿಹೋಗಿ ಸ್ಪಂಜಿನಂಥ ತಾಮ್ರ ಉಳಿಯುತ್ತದೆ. ಕೆರೆದು ನೋಡಿದಾಗ ಹಳದಿಯ ಬದಲು ನಸುಗೆಂಪು ಬಣ್ಣ ಕಂಡರೆ ಆ ಫಿಟಿಂಗ್ ಕೈಯಲ್ಲೇ ಮುರಿದು ಬರಬಹುದು. ಪ್ರತಿಯೊಂದರ ಪಕ್ಕದಲ್ಲೂ ಅದರ ಅಳತೆಯ ಮೆದುಮರದ ಬೆಣೆ ಕಟ್ಟಿಡಿ. ಚುಕ್ಕಾಣಿಯ ಕೆಳತುದಿ ಹಿಡಿದು ಅಲುಗಿಸಿ. ಕೆಲವು ಮಿಲಿಮೀಟರ್ ಸಡಿಲ ಇದ್ದರೆ ಸರಿ, ಟಕ್ ಟಕ್ ಎಂದು ಹೊಡೆದರೆ ಬೇರಿಂಗ್ ಹೋಗಿದೆ. ಕೀಲ್ (ದೋಣಿಯ ತಳದ ಭಾರದ ರೆಕ್ಕೆ) ಎಂದಾದರೂ ನೆಲಕ್ಕೆ ಬಡಿದಿತ್ತೇ, ಹಳೆಯ ಮಾಲೀಕರ ಕಾಲದ ದುರಸ್ತಿ ಏನು ಎಂಬುದನ್ನು ಸರ್ವೇಯರ್‌ಗೆ ಮುಚ್ಚಿಡಬೇಡಿ. 2014ರ ಮೇನಲ್ಲಿ ಆ್ಯಂಟಿಗುವಾದಿಂದ ಇಂಗ್ಲೆಂಡಿಗೆ ಮರಳುತ್ತಿದ್ದ ಚೀಕಿ ರಫೀಕಿ ಎಂಬ ಹಾಯಿದೋಣಿ ಅಟ್ಲಾಂಟಿಕ್ ನಡುವೆ ಕೀಲ್ ಕಳಚಿ ಮಗುಚಿತು, ನಾಲ್ವರೂ ಹೋದರು. ಆ ದೋಣಿ ಹಿಂದೆ ನೆಲಕ್ಕೆ ತಗುಲಿ ದುರಸ್ತಿಯಾಗಿತ್ತು ಎಂಬುದು ತನಿಖೆಯಲ್ಲಿ ದಾಖಲಾಗಿದೆ.

ದಿಕ್ಕು ಹಿಡಿಯುವ ವಿಷಯಕ್ಕೆ ವಿದ್ಯುತ್ತಿನ ಲೆಕ್ಕವೇ ಉತ್ತರ ಹೇಳುತ್ತದೆ. ಇಂಥ ದೋಣಿಯ ಆಟೋಪೈಲಟ್ ಬೆನ್ನಲೆಯಲ್ಲಿ ಸರಾಸರಿ 5 ಆ್ಯಂಪ್ ಎಳೆಯುತ್ತದೆ, ದಿನಕ್ಕೆ 120 ಆ್ಯಂಪ್-ಅವರ್. ಫ್ರಿಜ್ 40, ಉಪಕರಣ, ಎಐಎಸ್ (ಸುತ್ತಲಿನ ಹಡಗುಗಳನ್ನು ತೋರಿಸುವ ರೇಡಿಯೊ ಸಾಧನ), ದೀಪ, ಫೋನ್ ಎಲ್ಲ ಸೇರಿ 40. ಒಟ್ಟು 200. ನಿಮ್ಮ ಸೋಲಾರ್ ಫಲಕದ ಮೇಲೆ ಹಾಯಿಯ ನೆರಳು ಬೀಳುತ್ತದೆ. ದಿನಕ್ಕೆ 60 ಬಂದರೆ ಪುಣ್ಯ. ಲೆಡ್-ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು, ಹಾಗಾಗಿ ಬಳಕೆಗೆ ಸಿಗುವುದು 100. ದಿನದ 200ರಲ್ಲಿ ಸೋಲಾರ್‌ನ 60 ಕಳೆದು ಉಳಿದ 140ನ್ನು ಎಂಜಿನ್ ತುಂಬಬೇಕು. ಆ ಬ್ಯಾಟರಿ ತುಂಬುತ್ತಾ ಬಂದಂತೆ ಕರೆಂಟ್ ಎಳೆಯುವುದು ಕಡಿಮೆಯಾಗುವುದರಿಂದ ದಿನಕ್ಕೆ ನಾಲ್ಕು ಗಂಟೆ ಎಂಜಿನ್. ಗಂಟೆಗೆ 2 ಲೀಟರ್ ಹಿಡಿದರೂ ನಿಮ್ಮ 140 ಲೀಟರ್ ಹದಿನೇಳು ಹದಿನೆಂಟು ದಿನಕ್ಕೆ ಖಾಲಿ. ಕೆನರಿಯಿಂದ ಬಾರ್ಬಡೋಸ್ ಸುಮಾರು 2,700 ನಾಟಿಕಲ್ ಮೈಲಿ. ದಿನಕ್ಕೆ 120 ಮೈಲಿಯಂತೆ ನಿಮಗೆ 22-23 ದಿನ ಬೇಕು.

ಆದ್ದರಿಂದ ವಿಂಡ್‌ವೇನ್. ಗಾಳಿಯ ಕೋನವನ್ನು ಹಿಡಿದು ದೋಣಿ ನಡೆಸುವ ಈ ಯಂತ್ರಕ್ಕೆ ಒಂದು ಆ್ಯಂಪ್ ಕೂಡ ಬೇಡ. ಹೈಡ್ರೋವೇನ್ ಮಾದರಿಗೆ ತನ್ನದೇ ಚುಕ್ಕಾಣಿ ಇರುವುದರಿಂದ ಮುಖ್ಯ ಚುಕ್ಕಾಣಿ ಕೈಕೊಟ್ಟಾಗ ಅದು ಆಸರೆಯಾಗುತ್ತದೆ. ಮಾನಿಟರ್ ಮಾದರಿ ನಿಮ್ಮ ಸ್ಟೀರಿಂಗ್ ಚಕ್ರವನ್ನೇ ಹಗ್ಗದಿಂದ ತಿರುಗಿಸುತ್ತದೆ, ಶಕ್ತಿ ಹೆಚ್ಚು, ಆದರೆ ಹಗ್ಗ ಸವೆಯುತ್ತದೆ. ದೋಷ ಎರಡಕ್ಕೂ ಒಂದೇ: ಗಾಳಿ 8 ನಾಟ್‌ಗಿಂತ ಕಡಿಮೆಯಾಗಿ ಬೆನ್ನಿಗಿದ್ದಾಗ ದಿಕ್ಕು ತಪ್ಪುತ್ತವೆ. ಆಗ ಎಲೆಕ್ಟ್ರಿಕ್ ಪೈಲಟ್ ಹಾಕಿ. ಇನ್ನೊಂದು 200 ವ್ಯಾಟ್ ಸೋಲಾರ್ ಸೇರಿಸಿದರೆ ನಿಮ್ಮ ದಿನದ ಲೆಕ್ಕ ಎಂಜಿನ್ ಇಲ್ಲದೆಯೇ ಸರಿದೂಗುತ್ತದೆ.

ವಿಂಡ್‌ವೇನ್ ಬದಲು ಲಿಥಿಯಂ ಬ್ಯಾಟರಿ ಮತ್ತು ಬದಲಿ ಆಟೋಪೈಲಟ್ ಎಂಬುದೂ ಒಂದು ದಾರಿ. ಅಪಾಯ ತಿಳಿದಿರಲಿ: ಲಿಥಿಯಂ ಬ್ಯಾಟರಿ ಆಲ್ಟರ್ನೇಟರ್ (ಎಂಜಿನ್ನಿಗೆ ಜೋಡಿಸಿದ ವಿದ್ಯುತ್ ಯಂತ್ರ) ಕೊಟ್ಟಷ್ಟನ್ನೂ ಕೊನೆಯವರೆಗೆ ಎಳೆಯುತ್ತದೆ. ಸಾಧಾರಣ ಆಲ್ಟರ್ನೇಟರ್ ಆ ಹೊರೆಗೆ ಕಾದು ಸುಟ್ಟುಹೋಗುತ್ತದೆ. ಡಿಸಿ-ಡಿಸಿ ಚಾರ್ಜರ್ ಅಥವಾ ಉಷ್ಣ ಅಳೆಯುವ ಹೊರಗಿನ ರೆಗ್ಯುಲೇಟರ್ ಇಲ್ಲದೆ ಬ್ಯಾಟರಿ ಮಾತ್ರ ಬದಲಿಸಿ ಹೊರಡಬೇಡಿ.

ನಿಮ್ಮವರ ಪಟ್ಟಿಗೆ ಬರುತ್ತೇನೆ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್. ಇಬ್ಬರಿಗೆ 30 ದಿನಕ್ಕೆ 240. ಟ್ಯಾಂಕಿನಲ್ಲೇ 280 ಇದೆ. ಕೊರತೆ ನೀರಿನದಲ್ಲ, ಟ್ಯಾಂಕ್ ಒಂದೇ ಎಂಬುದು. ಒಂದು ಪೈಪ್ ಬಿಟ್ಟುಹೋದರೆ ಪಂಪ್ ಅಷ್ಟನ್ನೂ ಬಿಲ್ಜ್‌ಗೆ (ದೋಣಿಯ ಒಳತಳಕ್ಕೆ) ಸುರಿಯುತ್ತದೆ. ಇನ್ನೂ 100 ಲೀಟರ್ ಕ್ಯಾನ್ ಮತ್ತು ಬಾಟಲಿಗಳಲ್ಲಿ ಇಡಿ. ಕ್ಯಾನುಗಳನ್ನು ಕಂಠಮಟ್ಟ ತುಂಬದಿದ್ದರೆ ಸಮುದ್ರಕ್ಕೆ ಬಿದ್ದರೂ ತೇಲುತ್ತವೆ. ಪಾತ್ರೆ ತೊಳೆಯಲು ಸಮುದ್ರದ ನೀರಿನ ಕಾಲ್ಪಂಪ್ ಹಾಕಿಸಿ. ವಾಟರ್‌ಮೇಕರ್ ಕೆರಿಬಿಯನ್‌ನಲ್ಲಿ ತಿಂಗಳುಗಟ್ಟಲೆ ಲಂಗರು ಹಾಕಿ ಇರುವವರಿಗೆ ಸುಖ, ದಾಟುವುದಕ್ಕೆ ಬೇಕಿಲ್ಲ. ಸ್ಟಾರ್‌ಲಿಂಕ್ ಹವಾಮಾನಕ್ಕೂ ಮನೆಯವರ ಜೊತೆ ಮಾತಿಗೂ ಒಳ್ಳೆಯದೇ. ಆದರೆ ಸದಾ ಚಾಲೂ ಇಟ್ಟರೆ ಅದೂ ಆಟೋಪೈಲಟ್‌ನಷ್ಟೇ ಕರೆಂಟ್ ತಿನ್ನುತ್ತದೆ. ದಿನಕ್ಕೆ ಒಂದು ಗಂಟೆ ಸಾಕು. ತುರ್ತಿಗೆ ಅದನ್ನು ನಂಬಬೇಡಿ. ಅದಕ್ಕೆ 406 ಮೆಗಾಹರ್ಟ್ಸ್‌ನ ಇಪಿಐಆರ್‌ಬಿ (ಉಪಗ್ರಹದ ಮೂಲಕ ಅಪಾಯದ ಕರೆ ಕಳಿಸುವ ಸಾಧನ) ಇದೆ. ಸೆಕೆಂಡ್‌ಹ್ಯಾಂಡ್ ಕೊಂಡಿದ್ದರೆ ನಿಮ್ಮ ದೋಣಿ ನೋಂದಣಿಯಾದ ದೇಶಕ್ಕೆ ಕೋಡ್ ಬದಲಿಸಿ, ಮರುನೋಂದಣಿ ಮಾಡಿಸಿ. ಇಲ್ಲವಾದರೆ ಕರೆ ಹೋದಾಗ ಹಳೆಯ ಮಾಲೀಕರ ಮನೆಯ ಫೋನ್ ಬಡಿದುಕೊಳ್ಳುತ್ತದೆ. ಲೈಫ್‌ರಾಫ್ಟ್ (ತುರ್ತಿಗೆ ಉಬ್ಬುವ ತೆಪ್ಪ) ಕೊಳ್ಳಲು ಹಣ ಸಾಲದಿದ್ದರೆ ಬಾಡಿಗೆಗೆ ಸಿಗುತ್ತದೆ. ನಿಮ್ಮಿಬ್ಬರಲ್ಲಿ ಬಲ ಕಡಿಮೆ ಇರುವವರು ಒಬ್ಬರೇ ಎತ್ತಿ ಎಸೆಯಬಲ್ಲ ಜಾಗದಲ್ಲಿ ಅದು ಇರಬೇಕು.

ಬೆನ್ನಗಾಳಿಯಲ್ಲಿ ಹಾಯಿ ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ದೋಣಿ ಹೊರಳಿ ಗಾಳಿ ಹಾಯಿಯ ಹಿಂಬದಿ ಹಿಡಿದರೆ ಬೂಮ್ ಇನ್ನೊಂದು ಬದಿಗೆ ರಪ್ಪನೆ ಬೀಸುತ್ತದೆ. ತಲೆ ಒಡೆಯುವುದೂ ಕೂವೆಮರ ಮುರಿಯುವುದೂ ಇದರಿಂದಲೇ. ತಡೆಯುವ ಪ್ರಿವೆಂಟರ್ ಹಗ್ಗವನ್ನು ಬೂಮಿನ ತುದಿಯಿಂದ ದೋಣಿಯ ಮೂತಿಯ ರಾಟೆಗೆ, ಅಲ್ಲಿಂದ ಕಾಕ್‌ಪಿಟ್‌ಗೆ ತನ್ನಿ. ಬೂಮಿನ ನಡುವೆ ಕಟ್ಟಿದರೆ, ತುದಿ ಅಲೆಗೆ ಅದ್ದಿದ ಕ್ಷಣ ಬೂಮ್ ಅದೇ ಜಾಗದಲ್ಲಿ ಮುರಿಯುತ್ತದೆ. ಎರಡೂ ಬದಿಗೆ ಒಂದೊಂದು ಹಗ್ಗ ಕಾಯಂ ಕಟ್ಟಿಡಿ. ಇಬ್ಬರೇ ಇರುವ ದೋಣಿಗೆ ನನ್ನ ಒಲವು ಇನ್ನೂ ಸರಳ: ಗಾಳಿ ನೆಲೆಗೊಂಡ ಮೇಲೆ ಮೇನ್‌ಸೇಲ್ (ಮುಖ್ಯ ಹಾಯಿ) ಇಳಿಸಿ ಕಟ್ಟಿಬಿಡಿ, ಪೋಲ್‌ಗೆ (ಹಾಯಿಯನ್ನು ಹೊರಚಾಚಿ ಹಿಡಿಯುವ ಕೋಲು) ಹಾಕಿದ ಜಿನೋವಾ ಎಂಬ ಮುಂದಿನ ಹಾಯಿಯಲ್ಲೇ ಸಾಗಿ. ಹೊರಳಾಟ ಸ್ವಲ್ಪ ಹೆಚ್ಚು, ವೇಗ ಅರ್ಧ ನಾಟ್ ಕಡಿಮೆ. ಆದರೆ ರಾತ್ರಿ ಎರಡು ಗಂಟೆಗೆ ಮಳೆಮೋಡ ಬಂದಾಗ ಒಬ್ಬರೇ ಕಾಕ್‌ಪಿಟ್‌ನಿಂದ ಹಾಯಿ ಸುತ್ತಬಹುದು, ಇನ್ನೊಬ್ಬರನ್ನು ಎಬ್ಬಿಸಬೇಕಿಲ್ಲ.

ಹಗ್ಗದ ಸವೆತಕ್ಕೆ ದಿನಕ್ಕೊಂದು ಸುತ್ತು. ಬೆಳಗಿನ ಬೆಳಕಿನಲ್ಲಿ ಮೂತಿಯಿಂದ ಹಿಂದಿನವರೆಗೆ ಪ್ರತಿ ಹಗ್ಗ ತಿರುಗುವ ಜಾಗವನ್ನೂ ಬೆರಳಿನಿಂದ ಸವರಿ ನೋಡಿ. ಹೊರಪದರದ ನೂಲು ರೋಮದಂತೆ ಎದ್ದಿದ್ದರೆ ಅಲ್ಲಿ ಉಜ್ಜುತ್ತಿದೆ. ಹ್ಯಾಲ್ಯಾರ್ಡನ್ನು (ಹಾಯಿ ಏರಿಸುವ ಹಗ್ಗ) ದಿನವೂ ಹತ್ತು ಸೆಂಟಿಮೀಟರ್ ಸಡಿಲಿಸಿ ಅಥವಾ ಬಿಗಿಸಿ, ಮೇಲಿನ ರಾಟೆಯಲ್ಲಿ ಒಂದೇ ಜಾಗ ಸವೆಯುವುದಿಲ್ಲ. ಜಿನೋವಾ ಶೀಟ್ (ಹಾಯಿಯನ್ನು ಎಳೆದು ಹಿಡಿಯುವ ಹಗ್ಗ) ಪೋಲ್‌ನ ತುದಿಯಲ್ಲಿ ಮೂರು ವಾರ ಉಜ್ಜಿದರೆ ಉಳಿಯದು. ಅದಕ್ಕೆ ಬೇರೆಯೇ ಹಗ್ಗ ಇಟ್ಟುಕೊಳ್ಳಿ.

ಡೀಸೆಲ್ ಟ್ಯಾಂಕಿನ ತಳದಿಂದ ಒಂದು ಗಾಜಿನ ಜಾಡಿಗೆ ತೆಗೆದು ರಾತ್ರಿಯಿಡೀ ಬಿಡಿ. ತಳದಲ್ಲಿ ನೀರು, ಅದರ ಮೇಲೆ ಕಪ್ಪು ಲೋಳೆಯ ಗೆರೆ ಕಂಡರೆ ಟ್ಯಾಂಕ್ ತೊಳೆಸಲೇಬೇಕು. ಬಂದರಿನಲ್ಲಿ ಸುಮ್ಮನೆ ಕೂತಿದ್ದ ಆ ಲೋಳೆ ಸಾಗರದ ಹೊರಳಾಟಕ್ಕೆ ಕದಡಿ ಫಿಲ್ಟರ್ ಕಟ್ಟುತ್ತದೆ. ಬದಲಿಗೆ ಇರಬೇಕಾದ್ದು ಫಿಲ್ಟರ್ ಆರು, ಇಂಪೆಲರ್ (ತಂಪುನೀರಿನ ಪಂಪಿನ ರಬ್ಬರ್ ಚಕ್ರ) ಎರಡು, ಬೆಲ್ಟ್ ಎರಡು. ಡೀಸೆಲ್ ಕೊಳವೆಗೆ ಸೇರಿದ ಗಾಳಿ ತೆಗೆಯುವ ವಿಧಾನ ಇಬ್ಬರಿಗೂ ಗೊತ್ತಿರಬೇಕು.

ಇನ್ನು ನಿದ್ದೆ, ಮತ್ತು ವಿಮೆಯವರ ಮಾತು. ಅವರು ಮೂರನೆಯವರನ್ನು ಕೇಳುವುದು ಹೊಸದಲ್ಲ. ಹೆಚ್ಚುವರಿ ಕಂತಿಗೆ, ಹೊಸ ರಿಗಿಂಗ್‌ನ ದಾಖಲೆಗೆ ಒಪ್ಪುವವರೂ ಇದ್ದಾರೆ, ಕೇಳಿ ನೋಡಿ. ಮೂರನೆಯವರು ಬಂದರೆ ದಿನಕ್ಕೆ ಎರಡು ಮೂರು ಗಂಟೆ ಹೆಚ್ಚು ನಿದ್ದೆ. ಅದರ ಬೆಲೆ 120 ಲೀಟರ್ ಹೆಚ್ಚು ನೀರು, ಒಂದು ಅಪರಿಚಿತ ಸ್ವಭಾವ, ಮತ್ತು ಇಳಿದ ದೇಶದಲ್ಲಿ ಅವರ ವಾಪಸ್ ಟಿಕೆಟ್‌ನ ಹೊಣೆ ನಿಮ್ಮ ಮೇಲೆ. ಕೆನರಿವರೆಗಿನ ಓಟದಲ್ಲಿ ಜೊತೆಗಿದ್ದು ನೋಡಿದವರನ್ನಲ್ಲದೆ ಬೇರೆ ಯಾರನ್ನೂ ಹತ್ತಿಸಿಕೊಳ್ಳಬೇಡಿ.

ಇಬ್ಬರೇ ಹೋದರೆ ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಮೂರು ಗಂಟೆಗೊಂದು ಪಾಳಿ. ಮೊದಲ ಮೂರು ದಿನ ಮೈ ಒಗ್ಗದು, ಆಗ ಯಾವ ದೊಡ್ಡ ನಿರ್ಧಾರವನ್ನೂ ಮಾಡಬೇಡಿ. ಪಾಳಿಯವರು ಎಷ್ಟು ಹೊತ್ತಿಗೊಮ್ಮೆ ಸುತ್ತ ನೋಡಬೇಕು? ದೊಡ್ಡ ಹಡಗಿನ ಮಾಸ್ಟ್ ದೀಪ ಕನಿಷ್ಠ 6 ಮೈಲಿ ಕಾಣಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಅದು 20 ನಾಟ್, ನೀವು 5 ನಾಟ್, ಎದುರುಬದುರಾದರೆ 14 ನಿಮಿಷ. ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ. ಎಐಎಸ್ ಅಲಾರಂ ನೆರವಿಗಿರಲಿ, ಆದರೆ ಆಫ್ರಿಕಾ ಕರಾವಳಿಯ ಮೀನುಗಾರ ದೋಣಿಗಳಲ್ಲಿ ಎಷ್ಟೋ ಅದನ್ನು ಹಚ್ಚಿರುವುದಿಲ್ಲ.

ಬಿರುಗಾಳಿಗೆ ಇಟ್ಟ ಭಯವನ್ನು ದೋಣಿಯಿಂದ ಬೀಳುವುದಕ್ಕೆ ಇಡಿ. ಪೋಲ್, ಪ್ರಿವೆಂಟರ್ ಹಾಕಿದ ದೋಣಿಯನ್ನು ಮಲಗಿದ್ದವರು ಎದ್ದು ಒಬ್ಬರೇ ತಿರುಗಿಸುವಷ್ಟರಲ್ಲಿ ಮೈಲಿ ಕಳೆದಿರುತ್ತದೆ. ಹಾಗಾಗಿ ಬೀಳದಿರುವುದೇ ಉಪಾಯ. ಡೆಕ್ ಉದ್ದಕ್ಕೂ ಚಪ್ಪಟೆ ಪಟ್ಟಿಯ ಜ್ಯಾಕ್‌ಸ್ಟೇ (ದುಂಡು ಹಗ್ಗ ಕಾಲಡಿ ಉರುಳುತ್ತದೆ), ಮೈಯನ್ನು ಅದಕ್ಕೆ ಕಟ್ಟುವ, ಬದಿ ದಾಟದಷ್ಟು ಗಿಡ್ಡ ಹಗ್ಗ (ಟೆದರ್), ಇನ್ನೊಬ್ಬರು ಎಚ್ಚರವಾಗುವವರೆಗೆ ರಾತ್ರಿ ಕಾಕ್‌ಪಿಟ್ ಬಿಡಕೂಡದೆಂಬ ಕಟ್ಟುನಿಟ್ಟು. ಲೈಫ್‌ಜಾಕೆಟ್‌ನಲ್ಲಿ ಎಐಎಸ್ ಬೀಕನ್ ಇರಲಿ. ಹ್ಯಾಲ್ಯಾರ್ಡ್ ಮತ್ತು ರಾಟೆಗಳಿಂದ ನಿಮ್ಮವರನ್ನು ನೀವು ನೀರಿನಿಂದ ಎತ್ತಬಲ್ಲಿರೇ ಎಂದು ಮರೀನಾದಲ್ಲೇ ಒಮ್ಮೆ ಮಾಡಿ ನೋಡಿ.

ಅಡುಗೆಗೆ ನಮ್ಮ ಪ್ರೆಶರ್ ಕುಕ್ಕರ್‌ನಷ್ಟು ಒಳ್ಳೆಯ ಪಾತ್ರೆ ದೋಣಿಯಲ್ಲಿ ಇನ್ನೊಂದಿಲ್ಲ. ಬಿದ್ದರೂ ಚೆಲ್ಲದು, ಗ್ಯಾಸೂ ಉಳಿತಾಯ. ಒಲೆಯ ಕ್ಲ್ಯಾಂಪ್ ಅದರ ಅಗಲಕ್ಕೆ ಹೊಂದುತ್ತದೆಯೇ ನೋಡಿ. ಅನ್ನಕ್ಕೆ ಮೂರು ಪಾಲು ಸಿಹಿನೀರು, ಒಂದು ಪಾಲು ಸಮುದ್ರದ ನೀರು ಹಾಕಿದರೆ ಉಪ್ಪು ಬೇಕಿಲ್ಲ. ಮೊದಲ ಮೂರು ದಿನ ಒಲೆ ಮುಂದೆ ನಿಲ್ಲಲಾಗದು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಕೈಗೆ ಸಿಗುವಂತಿರಲಿ. ಸಾರು ತಟ್ಟೆಗೆ ಬೇಡ, ಆಳದ ಬಟ್ಟಲಿಗೆ ಅರ್ಧ ಮಾತ್ರ. ಒಲೆ ಹಚ್ಚಿದಾಗ ಮಳೆಯ ಪ್ಯಾಂಟ್ ತೊಟ್ಟಿರಿ. ಸುಟ್ಟ ಗಾಯಕ್ಕೋ ಬೇರೆ ಕಾಯಿಲೆಗೋ ರೋಮ್‌ನ ಸಿಐಆರ್‌ಎಂ ಸಂಸ್ಥೆ 1935ರಿಂದ ಸಮುದ್ರದಲ್ಲಿರುವವರಿಗೆ ಉಚಿತ ವೈದ್ಯಕೀಯ ಸಲಹೆ ಕೊಡುತ್ತಾ ಬಂದಿದೆ. ಸಂಪರ್ಕ ವಿವರ ಲಾಗ್‌ಬುಕ್ಕಿನ ಮೊದಲ ಪುಟದಲ್ಲಿರಲಿ.

ನಿಮ್ಮ ಪಾಸ್‌ಪೋರ್ಟ್‌ ಬಗ್ಗೆ ಒಂದು ಎಚ್ಚರಿಕೆ. ಸ್ಪೇನಿಗೆ ಸೇರಿದ ಕೆನರಿ ಷೆಂಗೆನ್ (ಯೂರೋಪಿನ ಒಂದೇ ವೀಸಾದ ವಲಯ) ಒಳಗಿದೆ, 180 ದಿನಕ್ಕೆ 90 ದಿನದ ಲೆಕ್ಕ ಲಾಗೋಸ್‌ನಿಂದಲೇ ಶುರುವಾಗಿದೆ. ಕೆರಿಬಿಯನ್‌ನ ಮಾರ್ಟಿನೀಕ್, ಗ್ವಾಡೆಲೂಪ್ ಫ್ರಾನ್ಸಿಗೆ ಸೇರಿದರೂ ಷೆಂಗೆನ್ ಅಲ್ಲ. ಅಲ್ಲಿಗೆ ವೀಸಾದಲ್ಲಿ ಪ್ರತ್ಯೇಕ ನಮೂದು ಬೇಕು. ದೋಣಿಯಲ್ಲಿ ಬರುವವರಿಗೆ ವಾಪಸ್ ಟಿಕೆಟ್ ಇರುವುದಿಲ್ಲವಾದ್ದರಿಂದ ದೋಣಿಯ ನೋಂದಣಿ ಪತ್ರ ಕೈಯಲ್ಲಿರಲಿ.

ಲಾಗೋಸ್‌ನಿಂದ ಕೆನರಿಯ ಲಾನ್ಸರೋಟೆ ದ್ವೀಪದವರೆಗಿನ ಸುಮಾರು 550 ಮೈಲಿ ನಿಮ್ಮ ನಿಜವಾದ ಪರೀಕ್ಷೆ. ವಿಂಡ್‌ವೇನ್, ಪಾಳಿ, ತುರ್ತು ಟಿಲ್ಲರ್ (ಚಕ್ರ ಕೈಕೊಟ್ಟಾಗ ಚುಕ್ಕಾಣಿ ತಿರುಗಿಸುವ ಹಿಡಿ) ಎಲ್ಲವನ್ನೂ ಆ ಐದು ದಿನದಲ್ಲಿ ಬಳಸಿ ನೋಡಿ. ತುರ್ತು ಟಿಲ್ಲರ್ ಎಷ್ಟೋ ದೋಣಿಗಳಲ್ಲಿ ಸ್ಟೀರಿಂಗ್ ಚಕ್ರಕ್ಕೆ ತಾಗಿ ತಿರುಗುವುದೇ ಇಲ್ಲ. 2020ರಿಂದ ಆ ಕರಾವಳಿಯಲ್ಲಿ ಓರ್ಕಾಗಳು (ಕೊಲೆಗಾರ ತಿಮಿಂಗಿಲಗಳು) ಚುಕ್ಕಾಣಿಗೆ ಗುದ್ದುತ್ತಿವೆ, ಕೆಲವು ದೋಣಿಗಳು ಮುಳುಗಿಯೂ ಇವೆ. ಹೊರಡುವ ದಿನ ಅವು ಎಲ್ಲಿ ಕಂಡಿವೆ ಎಂದು ನೋಡಿಕೊಂಡೇ ಹೊರಡಿ.

ಹಣದ ಲೆಕ್ಕ ಇಷ್ಟು: ರಿಗಿಂಗ್ ಮತ್ತು ವಿಂಡ್‌ವೇನ್ ಸೇರಿ ನಿಮ್ಮ ಮೊತ್ತದ ಬಹುಪಾಲು ತಿನ್ನುತ್ತವೆ. ಉಳಿದದ್ದರಲ್ಲಿ ಸೀಕಾಕ್, ಸೋಲಾರ್, ಡೀಸೆಲ್ ಟ್ಯಾಂಕ್, ಬಾಡಿಗೆಯ ರಾಫ್ಟ್ ಬರಬೇಕು, ಬರುತ್ತದೆ. ರಿಗ್ಗರ್‌ಗಳಿಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೈತುಂಬ ಕೆಲಸ, ಈಗಲೇ ದಿನ ಗೊತ್ತುಮಾಡಿ. ಕೆಲಸ ನವೆಂಬರ್‌ಗೆ ಮುಗಿಯದಿದ್ದರೆ ಕೆನರಿಯಿಂದ ಜನವರಿಯಲ್ಲಿ ಹೊರಡಿ. ವಾಣಿಜ್ಯ ಮಾರುತ ಆಗ ಇನ್ನೂ ಸ್ಥಿರ, ಮರೀನಾದಲ್ಲಿ ಜಾಗವೂ ಸಿಗುತ್ತದೆ.